ವಸಂತನನ್ನು ನಾನು ಪರಿಚಯಿಸಿದ್ದು

ವೇದಿಕೆಯ ಮೇಲೆ ಒಬ್ಬ ಮನುಷ್ಯನನ್ನು ಪರಿಚಯಿಸುವ ಕಲೆಯಲ್ಲಿ ಡೊಂಬಿವಲಿಯಿಂದ ಕಲ್ಯಾಣದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

"ನಡುವೆ ಇರುದು ಠಾಕುರ್ಲಿ ಒಂದೇ ಸ್ಟೇಷನ್ ಅಲ್ವಾ?" ಎಂದಳು ನನ್ನ ಹೆಂಡತಿ ಸುಮತಿ.

ಹೆಂಡತಿಯರಿಗೆ ಕಲೆಯ ಬೆಲೆ ತಿಳಿಯುವುದಿಲ್ಲ ಎಂದುಕೊಂಡೆ.

ವಾರವಿಡೀ ನಾನು ಠಾಣೆಯ ಒಂದು ಔಷಧಿ ಕಂಪನಿಯಲ್ಲಿ ಗುಮಾಸ್ತ. ನನ್ನ ಹೆಸರು ರಘುರಾಮ ಎನ್ನುವುದು ಅಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. "ಓ ಮದ್ರಾಸಿ" ಎಂದೇ ಕರೆಯುತ್ತಾರೆ. ಆದರೆ ಭಾನುವಾರ ಬಂತೆಂದರೆ ನಾನು ಬೇರೆಯೇ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿ, ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರೆ ಸಭೆ ನಿಶ್ಶಬ್ದ. ನಮ್ಮ ಕಡೆಯ ಕನ್ನಡ ಸಂಘಗಳಲ್ಲಿ ಅರಿಶಿನ ಕುಂಕುಮವಿರಲಿ, ರಕ್ತದಾನವಿರಲಿ, ಕೊನೆಗೊಂದು ಸನ್ಮಾನ ಇರಲೇಬೇಕು. ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸುವ ಮೊದಲು ಸನ್ಮಾನಿತರ ಪರಿಚಯ. ಆ ಪರಿಚಯ ನನ್ನ ಇಲಾಖೆ!

ಅದಕ್ಕೆ ನನ್ನದೇ ಕೆಲವು ನಿಯಮಗಳಿದ್ದವು. ಎರಡು ಟೇಬಲ್ಲಿನ ಹೋಟೆಲಿದ್ದರೆ 'ಖ್ಯಾತ ಉದ್ಯಮಿ'. ಗಣಪತಿ ಹಬ್ಬಕ್ಕೆ ಯಾವತ್ತೋ ಒಂದು ಬಾಳೆಗೊನೆ ಕೊಟ್ಟಿದ್ದರೆ 'ಕೊಡುಗೈ ದಾನಿ'. ಮನೆಯಲ್ಲಿ ಯಾರೂ ಮಾತನಾಡಿಸುವುದಿಲ್ಲವೆಂದು ದಿನವಿಡೀ ಸಂಘದ ಕಚೇರಿಯಲ್ಲೇ ಕುಳಿತಿರುವವರು 'ಸಮಾಜಕ್ಕಾಗಿ ಬದುಕನ್ನೇ ಮುಡಿಪಾಗಿಟ್ಟವರು'. ಏನೂ ಇಲ್ಲದಿದ್ದರೆ, ಪೊಲೀಸ್ ಕೇಸೂ ಇಲ್ಲದಿದ್ದರೆ, 'ಅಜಾತಶತ್ರು'. ಈ ಪ್ರಕಾರ ನಾನು ಎಷ್ಟೋ ಜನರನ್ನು ದೊಡ್ಡವರನ್ನಾಗಿ ಮಾಡಿದ್ದೇನೆ. ಯಾರಿಗೂ ತೊಂದರೆ ಆಗಿರಲಿಲ್ಲ. ಯಾರೂ ನಂಬುತ್ತಿರಲಿಲ್ಲವಲ್ಲ!

ವಸಂತನ ವಿಷಯದಲ್ಲಿ ಮಾತ್ರ ಜನ ನಂಬಿಬಿಟ್ಟರು.

ತೊಂಬತ್ತರ ದಶಕದ ನಡುವಿನ ಮಾತು ಇದು. ಅದಕ್ಕೆ ಎಷ್ಟೋ ವರ್ಷ ಮೊದಲು ನಾವೆಲ್ಲ ಮುಂಬಯಿಯ ಫೋರ್ಟಿನಲ್ಲಿದ್ದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಹೈಸ್ಕೂಲು ಓದಿದವರು. ಹಗಲು ಹೋಟೆಲುಗಳಲ್ಲಿ ಟೇಬಲ್ ಒರೆಸಿ, ಕಪ್ಪು-ಬಸಿ ತೊಳೆದು, ಸಂಜೆ ಅದೇ ಕೈಯಲ್ಲಿ ಪುಸ್ತಕ ಹಿಡಿದವರು. ನಮ್ಮ ಭೂಗೋಳ ಪುಸ್ತಕಕ್ಕೆ ಸಾಂಬಾರಿನ ವಾಸನೆ ಇತ್ತು. ಹತ್ತನೆಯದು ಪಾಸಾದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಹೋದೆವು. ಮುಂಬಯಿ ನಮ್ಮ ಕೈಗೆಟುಕಲಿಲ್ಲ. ಹೀಗಾಗಿ ಡೊಂಬಿವಲಿ, ಕಲ್ಯಾಣ, ದಿವಾ, ಅಂಬರನಾಥ ಎಂದು ಹಳಿಯ ಉದ್ದಕ್ಕೂ ಚದುರಿದೆವು. ಒಂದೇ ಲೈನಿನ ಗಾಡಿಯಲ್ಲಿ ಓಡಾಡಿಕೊಂಡು ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮಗೆ ಕಲಿಸಿದ ಪದ್ಮನಾಭ ಮೇಷ್ಟ್ರು ಕಲ್ಯಾಣದಲ್ಲಿ ಮಗಳ ಮನೆಯಲ್ಲಿದ್ದರು. ಅವರನ್ನು ನೋಡಲು ಹೋದಾಗ, "ಸಾಯುವ ಮೊದಲು ನಿಮ್ಮನ್ನೆಲ್ಲ ಒಮ್ಮೆ ಒಟ್ಟಿಗೆ ನೋಡ್ಬೇಕು ರಘು" ಎಂದರು. ಇನ್ನೇನು ಬೇಕು? ಹಳೆಯ ಸಹಪಾಠಿಗಳ ಸ್ನೇಹಮಿಲನವನ್ನು ಡೊಂಬಿವಲಿಯಲ್ಲಿ ಏರ್ಪಡಿಸುವುದಾಗಿ ಅಲ್ಲೇ ಘೋಷಿಸಿದೆ.

ಅದರ ಮರುದಿನವೇ, ನಾನು ಕೆಲಸಕ್ಕೆ ಹೊರಟಾಗ, ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ವಸಂತ ಸಿಕ್ಕಿದ. ಅವನು ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಬೆಂಚಿನ ಮೇಲೆ ಕುಳಿತು ಬರುವ ಹೋಗುವ ಗಾಡಿಗಳನ್ನು ನೋಡುತ್ತಿದ್ದ.

"ಎಂತ ವಸಂತ, ರಜೆಯಾ?" ಎಂದೆ.

"ಫ್ಯಾಕ್ಟರಿಗೆ ಬೀಗ ಬಿತ್ತಲ್ಲ ಮಾರಾಯ. ಮಳೆಗಾಲಕ್ಕೆ ಮೊದ್ಲೇ. ಮನೆಯಲ್ಲಿ ಕೂತ್ರೆ ಹೆಂಡತಿ ಮುಖ ನೋಡ್ಲಿಕ್ಕೆ ಆಗುದಿಲ್ಲ. ಅದಕ್ಕೆ ಊಟದ ಡಬ್ಬಿ ತಗೊಂಡು ಹೊರಡ್ತೇನೆ. ಎಲ್ಲಿಗೆ ಅಂತ ಕೇಳ್ಬೇಡ."

ವಸಂತ ಶಾಲೆಯಲ್ಲಿ ನನ್ನ ಬೆಂಚಿನವನು. ಸ್ನೇಹಮಿಲನದ ಸುದ್ದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತ.

"ಶೇಖರ ಬರ್ತಾನಾ?"

ಶೇಖರ ನಮ್ಮ ತರಗತಿಯಲ್ಲೇ ಮೇಲೆ ಬಂದವನು. ವಾಶಿಯಲ್ಲಿ ಅವನ ಹೋಟೆಲಿಗೆ ಜನ ಹೊರಗೆ ನಿಂತು ಕಾಯುತ್ತಾರೆ. "ಬರದೆ ಇರ್ತಾನಾ?" ಎಂದೆ.

"ಅವನು ನೆರೂಲಿನಲ್ಲಿ ಹೊಸ ಹೋಟೆಲ್ ಮಾಡ್ತಾನಂತೆ. ಗಲ್ಲಾದಲ್ಲಿ ಕೂರ್ಲಿಕ್ಕೆ ನಂಬಿಕೆಯ ಜನ ಹುಡುಕ್ತಿದ್ದಾನಂತೆ. ಆ ಕೆಲಸ ನನಗೆ ಸಿಕ್ಕಿದ್ರೆ ಮಗಳ ಕಾಲೇಜು ಬಿಡಿಸುದು ಬೇಡ. ಆದ್ರೆ ಇಷ್ಟು ವರ್ಷ ಒಂದು ಫೋನು ಮಾಡದವ, ಈಗ ಸೀದ ಹೋಗಿ ಕೆಲಸ ಕೊಡು ಅಂತ ಹೇಗೆ ಕೇಳುದು?"

"ನೀನು ಕೇಳುದೇ ಬೇಡ! ಅವನೇ ಬಂದು ನಿನ್ನನ್ನು ಕೇಳುವ ಹಾಗೆ ಮಾಡ್ತೇನೆ ನೋಡು."

"ಹಾಗೆಲ್ಲ ಎಂತ ಬೇಡ ರಘು. ಅವನ ಪಕ್ಕದಲ್ಲಿ ಕೂರ್ಲಿಕ್ಕೊಂದು ಜಾಗ ಮಾಡಿ ಕೊಡು, ಸಾಕು. ಉಳಿದದ್ದು ನಾನು ಹೇಳಿಕೊಳ್ತೇನೆ."

ಪಕ್ಕದಲ್ಲೊಂದು ಜಾಗ. ಕೇಳಿದ್ದು ಅಷ್ಟೇ. ಬುದ್ಧಿ ಇದ್ದವನಾಗಿದ್ದರೆ ಅಷ್ಟೇ ಮಾಡುತ್ತಿದ್ದೆ.

ಮನೆಗೆ ಬಂದು ಏರ್ಪಾಡು ಶುರು ಮಾಡಿದೆ. ಫೋನು ಮಾಡಿದವರೆಲ್ಲರೂ ಮೇಷ್ಟ್ರ ಆರೋಗ್ಯ ಕೇಳಿದರು, ಊಟಕ್ಕೆ ಏನೆಂದು ಕೇಳಿದರು, ಕೊನೆಗೆ ಸ್ವಲ್ಪ ತಡೆದು, "ಮತ್ತೆ ನಾನು ಕೂರುದು ಎಲ್ಲಿ?" ಎಂದು ಕೇಳಿದರು. ಅರ್ಥ ಸ್ಪಷ್ಟ. ವೇದಿಕೆಯ ಮೇಲೆ ಕುರ್ಚಿ ಉಂಟಾ, ಶಾಲು ಉಂಟಾ?

"ಕರೆದು ಊಟ ಬಡಿಸಿ ಕಳಿಸಿದ್ರೆ ಆಯ್ತಪ್ಪ. ಹಳೇ ದೋಸ್ತಿಗಳಿಗೆ ಶಾಲು ಯಾಕೆ?" ಎಂದಳು ಸುಮತಿ.

"ಶಾಲಿಲ್ಲದಿದ್ರೆ ಯಾರು ಬರ್ತಾರೆ?"

"ದೋಸ್ತಿಗಳು ಬರ್ತಾರೆ."

ಅವಳಿಗೆ ಸಂಘಟನೆಯ ಅನುಭವವಿಲ್ಲ. ನಾನು ಎಲ್ಲರಿಗೂ ವೇದಿಕೆ ಎಂದು ಮಾತು ಕೊಟ್ಟೆ. ಹೀಗಾಗಿ ಕಾರ್ಯಕ್ರಮದ ದಿನ ಒಂದು ವಿಚಿತ್ರ ದೃಶ್ಯ ಕಾಣಿಸಿತು. ನಮ್ಮ ಇಡೀ ತರಗತಿ ವೇದಿಕೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತಿತ್ತು. ಕೆಳಗೆ ಅವರವರ ಹೆಂಡತಿಯರು, ಮತ್ತು ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಆಕಳಿಸುವ ಮಕ್ಕಳು. ನಡುವಿನ ದೊಡ್ಡ ಕುರ್ಚಿಯಲ್ಲಿ ಮೇಷ್ಟ್ರು. ಅವರ ಬಲಕ್ಕೆ ಶೇಖರ. ಶೇಖರನ ಪಕ್ಕದಲ್ಲಿ, ಮಾತು ಕೊಟ್ಟ ಪ್ರಕಾರ, ವಸಂತ. ಅವನ ಅಂಗಿಯ ಕಾಲರು ಒಳಗಡೆ ಸವೆದಿದ್ದು ನನಗೆ ಕಂಡಿತು. ಅದನ್ನು ಮುಚ್ಚುವುದಕ್ಕೆ ಶಾಲು ಹೇಗೂ ಇದೆಯಲ್ಲ ಎಂದುಕೊಂಡೆ.

ಮೊದಲು ನೆನಪುಗಳ ಸುತ್ತು. ಭೀಮರಾಯ ಎದ್ದು ನಿಂತ. ಕಲಬುರಗಿ ಕಡೆಯವನು, ಆಗ ಕಟ್ಟಡದ ಕೆಲಸ ಮುಗಿಸಿ ಸೀದಾ ಶಾಲೆಗೆ ಬರುತ್ತಿದ್ದ, ಈಗ ದಿವಾದಲ್ಲಿ ಲೇಬರ್ ಕಾಂಟ್ರಾಕ್ಟರು. "ನನ್ನ ಕೈಗೆ ಸಿಮೆಂಟ್ ಹತ್ತಿರ್ತಿತ್ತರೀ. ಅಟ್ಲಾಸ್ ಮುಟ್ಟಬ್ಯಾಡ ಅನ್ಲಿಲ್ಲ ನಮ್ ಸರು. ತಮ್ಮ ದಸ್ತಿ ಕೊಟ್ಟು, ಒರಸ್ಕೊ, ಆಮ್ಯಾಲ ನಿಮ್ಮೂರು ಎಲ್ಲೈತಿ ತೋರ್ಸು ಅಂದ್ರು" ಎಂದು ಹೇಳಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಶೇಖರ. "ನಾನು ಕ್ಲಾಸಿಗೆ ಬರ್ತಿದ್ದದ್ದೇ ನಿದ್ದೆ ಮಾಡ್ಲಿಕ್ಕೆ. ಬೆಳಿಗ್ಗೆ ಇಡ್ಲಿ ಹಿಟ್ಟಿನ ಹತ್ರ ಎದ್ದವನಿಗೆ ಸಂಜೆ ಬೀಜಗಣಿತ ಎಲ್ಲಿಂದ ಹತ್ತುದು? ಮೇಷ್ಟ್ರು ನನ್ನ ಹತ್ರ ಬರುವಾಗ ಈ ವಸಂತ ಕಂಪಾಸಿನಿಂದ ಚುಚ್ಚಿ ಎಬ್ಬಿಸ್ತಿದ್ದ. ಉತ್ತರವನ್ನೂ ಅವನೇ ಹೇಳಿ ಕೊಡ್ತಿದ್ದ. ಇವನಿಲ್ಲದಿದ್ರೆ ನಾನು ಹತ್ತನೇ ಪಾಸಾಗ್ತಿರ್ಲಿಲ್ಲ. ಸಾಲ ಉಂಟು ನನ್ನದು ಇವನ ಹತ್ರ" ಎಂದು ವಸಂತನ ತೊಡೆಗೆ ಒಂದು ಪೆಟ್ಟು ಕೊಟ್ಟು ಕುಳಿತ.

ವಸಂತ ನಕ್ಕ. ಬಾಗಿ ಶೇಖರನ ಕಿವಿಯ ಹತ್ತಿರ ಏನೋ ಹೇಳಲು ಬಾಯಿ ತೆರೆದ. ಈಗ ಯೋಚಿಸಿದರೆ ನನಗೆ ಚೆನ್ನಾಗಿ ಗೊತ್ತು: ಆ ಒಂದು ನಿಮಿಷ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ನನ್ನ ಕೈಯಲ್ಲಿ ಮೈಕಿತ್ತು!

"ಈಗ ಸನ್ಮಾನ!" ಎಂದೆ. ವಸಂತನ ಬಾಯಿ ಮುಚ್ಚಿತು.

ಉಳಿದವರದು ಬೇಗ ಬೇಗ ಮುಗಿಸಿದೆ. ಖ್ಯಾತ ಉದ್ಯಮಿ, ಕೊಡುಗೈ ದಾನಿ, ಅಜಾತಶತ್ರು, ಅಜಾತಶತ್ರು. ವಸಂತನ ಸರದಿ ಬಂದಾಗ ನನ್ನೊಳಗೆ ಕರುಣೆಯೂ ಕಲೆಯೂ ಒಟ್ಟಿಗೆ ಉಕ್ಕಿದವು. ಬೀಗ ಬಿದ್ದ ಕಾರ್ಖಾನೆಯ ಸ್ಟೋರ್ ಕೀಪರ್ ಎಂದು ಹೇಳಿ ಗೆಳೆಯನ ಮಾನ ಕಳೆಯುವುದೇ? ಎಂದಿಗೂ ಇಲ್ಲ. ಶೇಖರನ ಕಣ್ಣಿನಲ್ಲಿ ಅವನ ತೂಕ ಏರಿಸಬೇಕು. ಶುರು ಮಾಡಿದೆ.

"ಅಂಬರನಾಥದ ಕೈಗಾರಿಕಾ ರಂಗದಲ್ಲಿ ವಸಂತ ಎಂಬ ಹೆಸರು ಗೊತ್ತಿಲ್ಲದವರು ವಿರಳ. ಒಂದು ಇಡೀ ಕಾರ್ಖಾನೆಯ ಕೀಲಿಕೈ ಇವರ ಕೈಯಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ. ಇವರ ಸಹಿ ಇಲ್ಲದೆ ಅಲ್ಲಿ ಒಂದು ಬೋಲ್ಟು ಕೂಡ ಅಲುಗುತ್ತಿರಲಿಲ್ಲ. ನೂರಾರು ಕಾರ್ಮಿಕರು ದಿನ ಬೆಳಗಾದರೆ ಇವರ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಇಂದು ಇವರು ದಿನನಿತ್ಯದ ಜಂಜಾಟಗಳಿಂದ ಸಂಪೂರ್ಣ ಮುಕ್ತರಾಗಿ, ಹೊಸ ಕ್ಷೇತ್ರಗಳತ್ತ ದೃಷ್ಟಿ ಹಾಯಿಸಿದ್ದಾರೆ!"

ದೇವರಾಣೆ, ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಸ್ಟೋರಿನ ಕೀಲಿ ಅವನ ಹತ್ತಿರವೇ ಇತ್ತು. ಬೋಲ್ಟಿಗೆ ಅವನೇ ಸಹಿ ಹಾಕಬೇಕು. ಕಾರ್ಮಿಕರು ಕೈಗವಸು, ಸಾಬೂನು ತೆಗೆದುಕೊಳ್ಳಲು ಸಾಲು ನಿಲ್ಲುತ್ತಿದ್ದರು. ಜಂಜಾಟದಿಂದ ಮುಕ್ತ ಎನ್ನುವುದು ಸತ್ಯಕ್ಕಿಂತ ಸತ್ಯ. ಬಿಡಿಬಿಡಿಯಾಗಿ ಎಲ್ಲವೂ ನಿಜ. ಒಟ್ಟಿಗೆ ಸೇರಿಸಿದ್ದು ನಾನು!

ಚಪ್ಪಾಳೆ ಬಿತ್ತು. ಅಂತಹ ಚಪ್ಪಾಳೆ ನನಗೆ ಯಾವ ಸಂಘದಲ್ಲೂ ಬಿದ್ದಿರಲಿಲ್ಲ. ವಸಂತ ಮಾತ್ರ ನನ್ನನ್ನೇ ನೋಡುತ್ತಿದ್ದ. ಪ್ಲಾಟ್‌ಫಾರ್ಮಿನಲ್ಲಿ ತಮ್ಮ ಗಾಡಿ ನಿಲ್ಲದೆ ಹೋದಾಗ ಜನ ನೋಡುವಂತೆ ನೋಡುತ್ತಿದ್ದ.

ಅಷ್ಟರಲ್ಲಿ ಮೇಷ್ಟ್ರು ಎದ್ದರು. ಯಾರೂ ಏಳಿಸದೆ, ಕೋಲೂ ಇಲ್ಲದೆ ಎದ್ದರು. ವಸಂತನ ಎರಡೂ ಭುಜ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ನನ್ನ ರಾತ್ರಿಶಾಲೆಯಿಂದ ಒಬ್ಬ ಕಾರ್ಖಾನೆ ಧಣಿ! ಈ ಮಕ್ಕಳು ನಿದ್ದೆಗೆಟ್ಟು ಓದಿ ಎಂತಾದ್ರು ಅಂತ ಎಷ್ಟು ದಿನ ಯೋಚಿಸಿದ್ದೇನೆ ಗೊತ್ತುಂಟಾ? ಇನ್ನು ನಾನು ನೆಮ್ಮದಿಯಲ್ಲಿ ಹೋಗ್ತೇನೆ ಮಗಾ" ಎಂದು ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಅವನಿಗೆ ಹೊದಿಸಿದರು. ಎರಡು ಶಾಲುಗಳ ಒಳಗೆ ವಸಂತ ಬೆವರುತ್ತಿದ್ದ.

"ಎರಡು ಮಾತು, ಎರಡು ಮಾತು" ಎಂದು ಎಲ್ಲರೂ ಕೂಗಿದರು. ವಸಂತ ಮೈಕಿನ ಮುಂದೆ ಬಂದ. ನಿಜ ಹೇಳಿಬಿಡುತ್ತಾನೆ ಎಂದು ಹೆದರಿದೆ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅವನು ಒಮ್ಮೆ ಶೇಖರನ ಕಡೆ ನೋಡಿದ, ಒಮ್ಮೆ ಮೇಷ್ಟ್ರ ಒದ್ದೆ ಕೆನ್ನೆ ನೋಡಿದ.

"ಎಲ್ಲ ಮೇಷ್ಟ್ರ ಆಶೀರ್ವಾದ" ಎಂದು ಹೋಗಿ ಕುಳಿತ.

ಊಟದ ಹೊತ್ತಿಗೆ ಎಲ್ಲವನ್ನೂ ಸರಿಪಡಿಸಬಹುದೆಂದು ನಾನು ಧೈರ್ಯ ತಂದುಕೊಂಡೆ. ಸಾರಿನ ಪಾತ್ರೆ ಹಿಡಿದು ಬಡಿಸುವ ನೆಪದಲ್ಲಿ ಶೇಖರನನ್ನು ಕೈತೊಳೆಯುವ ಜಾಗದ ಹತ್ತಿರ ಹಿಡಿದೆ. ಹೇಳಬೇಕಾದದ್ದು ಇಷ್ಟೇ: ಅವನಿಗೆ ಕೆಲಸವಿಲ್ಲ, ನಿನ್ನ ಗಲ್ಲಾದಲ್ಲಿ ಕೂರಿಸು. ಆದರೆ ವರ್ಷಗಟ್ಟಲೆ ಮೈಕಿನಲ್ಲಿ ಮಾತನಾಡಿದ ನಾಲಿಗೆ ನೇರವಾಗಿ ಹೊರಳಲಿಲ್ಲ.

"ಶೇಖರ, ನಿನ್ನ ನೆರೂಲಿನ ಹೋಟೆಲಿನಲ್ಲಿ ವಸಂತನಿಗೆ ತುಂಬಾ ಆಸಕ್ತಿ ಉಂಟು."

ಶೇಖರನ ಮುಖ ಗಂಭೀರವಾಯಿತು. "ಹೌದಾ? ಪಾರ್ಟ್ನರ್ ಆಗಿ ಬರ್ತಾರಂತಾ?"

ಬರ್ತಾರಂತಾ! ಅರ್ಧ ಗಂಟೆಯ ಹಿಂದೆ ತೊಡೆಗೆ ಹೊಡೆದು "ಇವನು" ಎಂದವನು ಈಗ ಬಹುವಚನಕ್ಕೆ ಏರಿದ್ದ. ನಾನು "ಹಾಗಲ್ಲ, ಅಂದ್ರೆ..." ಎನ್ನುವಷ್ಟರಲ್ಲಿ ಶೇಖರ ಕೈ ಒರೆಸಿಕೊಂಡು ಸೀದಾ ವಸಂತನ ಎಲೆಯ ಹತ್ತಿರ ಹೋಗಿ, ಬಾಗಿ ನಿಂತು, "ನೀವು ಮನಸ್ಸು ಮಾಡಿದ್ರೆ ನೆರೂಲಿನದ್ದು ಒಟ್ಟಿಗೇ ಮಾಡುವ. ಅವಸರ ಇಲ್ಲ, ಯೋಚಿಸಿ ಹೇಳಿ" ಎಂದ. ಪ್ಲಾಟ್‌ಫಾರ್ಮಿನಲ್ಲಿ ನಾನು ಕೊಟ್ಟ ಮಾತು ನೆರವೇರಿತ್ತು. ಶೇಖರ ತಾನಾಗಿ ಬಂದು ಕೇಳಿದ್ದ! ವಸಂತ ಅನ್ನಕ್ಕೆ ಕೈ ಹಾಕಿದವನು ಹಾಗೆಯೇ ಕುಳಿತ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಭೀಮರಾಯ ಬಂದ.

"ವಸಂತಣ್ಣ, ಒಂದ್ ಮಾತೈತ್ರಿ. ನಮ್ಮಕ್ಕನ ಮಗ ಬಿ.ಕಾಂ. ಮುಗಿಸ್ಯಾನ. ಖಾಲಿ ಕುಂತಾನ. ಅಕ್ಕ ದಿನಾ ಅಳ್ತಾಳ. ನಿಮ್ ಫ್ಯಾಕ್ಟರಿಯಾಗ ಎಲ್ಲ್ಯಾರ ಒಂದ್ ಮೂಲ್ಯಾಗ ಹಚ್ರಿ. ನಿಮಗೇನು ದೊಡ್ಡದಲ್ಲ."

ವಸಂತನ ಎದುರು ಎಲೆ. ಎರಡು ಎಲೆ ಆಚೆ ಮೇಷ್ಟ್ರು, ಊಟ ನಿಲ್ಲಿಸಿ, ತಮ್ಮ ಶಿಷ್ಯನ ಔದಾರ್ಯವನ್ನು ನೋಡಲು ಕಾಯುತ್ತಿದ್ದಾರೆ. ಭೀಮರಾಯನಂತಹ ಗಟ್ಟಿ ಆಳು ಕೈ ಜೋಡಿಸಿ ನಿಂತಿದ್ದಾನೆ. ಇಲ್ಲ ಎನ್ನುವಂತಿಲ್ಲ, ಹೂಂ ಎನ್ನುವಂತಿಲ್ಲ. ವಸಂತ ಸುತ್ತ ನೋಡಿದ. ಅವನ ಕಣ್ಣು ಶೇಖರನ ಮೇಲೆ ನಿಂತಿತು.

"ಶೇಖರ, ನಿನ್ನ ಹೊಸ ಹೋಟೆಲಿನಲ್ಲಿ ಇವನ ಅಳಿಯನಿಗೆ ಎಂತದಾದ್ರೂ ಉಂಟಾ?"

"ನೀವು ಹೇಳಿದ ಮೇಲೆ ಇಲ್ಲ ಅಂತ ಉಂಟಾ?" ಎಂದ ಶೇಖರ. "ಗಲ್ಲಾಕ್ಕೆ ನಂಬಿಕೆಯ ಜನ ಹುಡುಕ್ತಾ ಇದ್ದೆ. ನಿಮ್ಮ ಮಾತೇ ಗ್ಯಾರಂಟಿ. ಭೀಮ, ನಾಳೆಯೇ ಕಳಿಸು ಹುಡುಗನನ್ನ."

ಭೀಮರಾಯ ವಸಂತನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಮೇಷ್ಟ್ರು "ಶಹಬ್ಬಾಸ್" ಎಂದರು. ನಾನು ಸಾರಿನ ಪಾತ್ರೆ ಹಿಡಿದು ಕಂಬದ ಹಾಗೆ ನಿಂತಿದ್ದೆ. ಒಬ್ಬ ಮನುಷ್ಯ ತಾನು ಬೇಡಲು ಬಂದ ಕೆಲಸವನ್ನು ತನ್ನ ಕೈಯಾರೆ ಎತ್ತಿ ಇನ್ನೊಬ್ಬನಿಗೆ ದಾನ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕೊಡುಗೈ ದಾನಿ ಎಂಬ ಮಾತನ್ನು ಅಷ್ಟು ಜನರಿಗೆ ಹಂಚಿದ್ದೇನೆ. ಅದು ಸರಿಯಾಗಿ ಸಲ್ಲಬೇಕಾದವನಿಗೆ ಅವತ್ತು ಹೇಳಲೇ ಇಲ್ಲ.

ಪಾಯಸದ ಹೊತ್ತಿಗೆ ಯಾರೋ, ನಮ್ಮದೇ ಒಂದು ಹಳೆ ವಿದ್ಯಾರ್ಥಿ ಸಂಘ ಬೇಕು ಎಂದರು. ಅಧ್ಯಕ್ಷರು ಯಾರು? ಇದು ಕೇಳುವ ಮಾತೇ? ಸರ್ವಾನುಮತದಿಂದ ವಸಂತ! ಅವನಿಗೆ ಕೆಲಸವಂತೂ ಸಿಕ್ಕಿತು. ಸಂಬಳ ಮಾತ್ರ ಇರಲಿಲ್ಲ.

ಸಂಜೆ ಅವನನ್ನು ಬೀಳ್ಕೊಡಲು ಸ್ಟೇಷನ್ನಿಗೆ ಹೋದೆ. ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಎರಡು ಶಾಲು. ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ನನ್ನ ಎದೆ ಹಗುರವಾಗುತ್ತಿತ್ತು.

"ವಸಂತ, ನಾನು..."

"ಮೇಷ್ಟ್ರಿಗೆ ಖುಷಿ ಆಯ್ತಲ್ಲ" ಎಂದ. ಅಂಬರನಾಥದ ಗಾಡಿ ಬಂತು. ಬುಟ್ಟಿಯನ್ನು ತಲೆಯ ಮೇಲೆ ಎತ್ತಿಕೊಂಡು ಜನರ ನಡುವೆ ನುಗ್ಗಿದ. ಅಧ್ಯಕ್ಷರಿಗೆ ಕೂರಲು ಜಾಗ ಸಿಗಲಿಲ್ಲ.

ಮನೆಗೆ ಬಂದು ಸುಮತಿಗೆ ಎಲ್ಲ ಹೇಳಿದೆ. ಅವಳು ಬೈಯುವುದರಲ್ಲಿ ಕೊರತೆ ಮಾಡಲಿಲ್ಲ. ಕೊನೆಗೆ, "ನಾಳೆಯೇ ಶೇಖರಣ್ಣನ ಹತ್ರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಜುಬ್ಬಾ ಹಾಕ್ಬೇಡಿ" ಎಂದಳು.

ಮೂರು ದಿನ ತಡಮಾಡಿ, ಆಫೀಸು ಮುಗಿಸಿ, ಠಾಣೆಯಿಂದ ಬಸ್ಸು ಹಿಡಿದು ವಾಶಿಗೆ ಹೋದೆ. ಮೊದಲ ಕಾಫಿ ಮುಗಿಯುವವರೆಗೂ ನಾನು ದೇಶದ ಆರ್ಥಿಕ ಪರಿಸ್ಥಿತಿಯ ಬಗ್ಗೆ ಮಾತನಾಡಿದೆ. ಎರಡನೆಯ ಕಾಫಿಗೆ ನಿಜ ಹೊರಬಂತು. ಶೇಖರ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಟ್ಟು, ಗಲ್ಲಾ ಮುಚ್ಚಿ, ನನ್ನ ಕಡೆ ತಿರುಗಿದ.

"ನೀನು ಮನುಷ್ಯನಾ ಮಾರಾಯ? ಅವನು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ನನಗೆ!"

"ಈಗಲೂ ಹೊತ್ತು ಮೀರಿಲ್ಲ ಶೇಖರ..."

"ಮೀರಿದೆ. ಭೀಮನ ಅಕ್ಕ ನಿನ್ನೆ ಬಂದು ನನ್ನ ಹೆಂಡತಿ ಕಾಲಿಗೆ ಬಿದ್ದು ಹೋಗಿದ್ದಾಳೆ. ಆ ಹುಡುಗನ್ನ ಹೇಗೆ ತೆಗಿಲಿ? ಸರಿ, ಬೇರೆ ಕೆಲಸ ಕೊಡ್ತೇನೆ ಅಂತ ಇಟ್ಕೋ. ವಸಂತ ಬರ್ತಾನಾ? ಮೇಷ್ಟ್ರು ಕಲ್ಯಾಣದಲ್ಲಿ ಕಂಡಕಂಡವರಿಗೆಲ್ಲ ನನ್ನ ಶಿಷ್ಯ ಧಣಿ ಅಂತ ಹೇಳ್ತಾ ತಿರುಗ್ತಿದ್ದಾರೆ. ಅವರು ಒಂದು ದಿನ ಇಲ್ಲಿ ಕಾಫಿಗೆ ಬಂದು, ಇವನು ಬಿಲ್ಲು ಹರಿಯುದನ್ನು ನೋಡಿದ್ರೆ? ಅವನು ಎಲ್ಲಿ ಮುಖ ಇಟ್ಕೊಳ್ಳುದು?"

ಆದರೂ ಶೇಖರ ಕೇಳಿ ನೋಡಿದನಂತೆ. ಫೋನಿನಲ್ಲಿ ವಸಂತ, "ಬೇಡ ಶೇಖರ, ಸದ್ಯ ಬೇರೆ ಒಂದೆರಡು ಕಡೆ ಮಾತುಕತೆ ನಡೀತಾ ಉಂಟು" ಎಂದನಂತೆ. ನನ್ನ ಭಾಷೆ ಅವನಿಗೂ ಅಂಟಿತ್ತು.

ಕೆಲವು ವಾರ ನಾನು ಯಾವ ವೇದಿಕೆಗೂ ಹೋಗಲಿಲ್ಲ. ಸಂಘದವರು, ರಘುರಾಮರಿಗೆ ಗಂಟಲು ಕೆಟ್ಟಿದೆ ಎಂದುಕೊಂಡರು. ಒಂದು ಭಾನುವಾರ ಸುಮತಿ ಒಂದು ಡಬ್ಬದಲ್ಲಿ ಚಕ್ಕುಲಿ ತುಂಬಿ ಕೈಗೆ ಕೊಟ್ಟು ನನ್ನನ್ನು ಅಂಬರನಾಥಕ್ಕೆ ತಳ್ಳಿದಳು.

ಚಾಳಿನ ಒಂದು ಖೋಲಿ, ಒಂದೇ ಕೋಣೆಯ ಸಂಸಾರ. ವಸಂತನ ಹೆಂಡತಿ ಗುಲಾಬಿ ಬಾಗಿಲು ತೆರೆದಳು. "ಬನ್ನಿ ಅಣ್ಣ" ಎಂದಳು. ಆ "ಅಣ್ಣ"ದಲ್ಲಿ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಒಳಗೆ ಮಗಳು ಹೊಲಿಗೆ ಮಿಷನ್ನಿನ ಮುಂದೆ ಕುಳಿತಿದ್ದಳು. ಕಾಲೇಜಿನ ಹೊತ್ತಲ್ಲ, ಭಾನುವಾರ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪಕ್ಕದಲ್ಲಿ ರಾಶಿ ಬಿದ್ದಿದ್ದ ಹೊಲಿಯುವ ಬಟ್ಟೆ ಒಂದು ಭಾನುವಾರದ್ದಾಗಿರಲಿಲ್ಲ. ಕಾಲೇಜು ಏನಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೂ ತಲೆ ಎತ್ತಲಿಲ್ಲ.

ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ವಸಂತ ಅದಕ್ಕೆ ಅವಕಾಶವೇ ಕೊಡಲಿಲ್ಲ.

"ಒಳ್ಳೇ ಹೊತ್ತಿಗೆ ಬಂದೆ. ಕಾಮೋಠೆಯಲ್ಲಿ ಒಬ್ಬ ಬಿಲ್ಡರ್ ಹತ್ರ ಸ್ಟೋರ್ ನೋಡ್ಲಿಕ್ಕೆ ಜನ ಬೇಕಂತೆ. ಸಿಮೆಂಟು, ಕಬ್ಬಿಣ. ನಾಳೆ ಕರೆದಿದ್ದಾರೆ. ನಿಮ್ಮ ಬಗ್ಗೆ ಹೇಳಿ ಅಂತ ಕೇಳ್ತಾರಂತೆ. ಹಿಂದೆ ಒಂದೆರಡು ಕಡೆ ಕೇಳಿದಾಗ ನಾನು ತೊದಲಿ ಬಂದೆ. ನನಗೆ ನನ್ನ ವಿಷಯ ಹೇಳ್ಲಿಕ್ಕೆ ಬರುದಿಲ್ಲ ರಘು. ನೀನು ಹೇಳಿ ಕೊಡು."

ಕುಹಕವೇ ಎಂದು ಅವನ ಮುಖ ನೋಡಿದೆ. ಅಲ್ಲ, ನಿಜವಾಗಿಯೂ ಕೇಳುತ್ತಿದ್ದ.

ನಾನು ಗಂಟಲು ಸರಿಮಾಡಿಕೊಂಡೆ. "ಕೈಗಾರಿಕಾ ರಂಗದಲ್ಲಿ ಸುದೀರ್ಘ..." ಎಂದು ನಿಲ್ಲಿಸಿದೆ. "ಜವಾಬ್ದಾರಿಯುತ ಸ್ಥಾನದಲ್ಲಿ..." ಎಂದು ಮತ್ತೆ ನಿಲ್ಲಿಸಿದೆ. ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ನನ್ನ ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯನನ್ನು ಪರಿಚಯಿಸಲು ನನಗೆ ಶಬ್ದ ಸಿಗಲಿಲ್ಲ. ಅವನಿಗೆ ಇಡೀ ಜೀವನದಲ್ಲಿ ಅಗತ್ಯವಿದ್ದದ್ದೂ ಅದೊಂದೇ ಸಲ!

ಗುಲಾಬಿ ಚಹಾ ಸೋಸುತ್ತಿದ್ದವಳು ತಿರುಗದೆಯೇ ಹೇಳಿದಳು: "ಅದಕ್ಕೆಂತ ಇಷ್ಟು ಯೋಚನೆ? ಹತ್ತನೇ ಪಾಸಾಗಿದ್ದೇನೆ. ಇಷ್ಟು ವರ್ಷ ಸ್ಟೋರ್ ನೋಡಿದ್ದೇನೆ. ಒಂದು ಮೊಳೆ ಆಚೆ ಈಚೆ ಆಗ್ಲಿಲ್ಲ. ಫ್ಯಾಕ್ಟರಿ ಮುಚ್ಚಿತು, ಕೆಲಸ ಬೇಕು. ಮತ್ತೆ ಎಂತ ಉಂಟು ಹೇಳ್ಲಿಕ್ಕೆ?"

ಮತ್ತೆ ಏನೂ ಇರಲಿಲ್ಲ. ಡೊಂಬಿವಲಿಯ ಆ ಹಾಲಿನಲ್ಲಿ, ಶೇಖರನ ಎದುರು, ಇಷ್ಟನ್ನೇ ಹೇಳಿದ್ದರೆ ಆಗುತ್ತಿತ್ತು. ಚಹಾದ ಲೋಟ ಕೆಳಗಿಟ್ಟೆ.

"ನಾಳೆ ನಾನೂ ಜೊತೆಗೆ ಬರ್ತೇನೆ" ಎಂದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಾ" ಎಂದ ವಸಂತ. "ಆದ್ರೆ ಗೇಟಿನ ಹೊರಗೆ ನಿಲ್ಬೇಕು."

ಮರುದಿನ ಆಫೀಸಿಗೆ ರಜೆ ಹಾಕಿ ಕಲ್ಯಾಣದಿಂದ ಪನವೇಲ್ ಬಸ್ಸಿನಲ್ಲಿ ಅವನ ಜೊತೆ ಹೋದೆ. ಕಾಮೋಠೆಯಲ್ಲಿ ಆಗ ಊರು ಇರಲಿಲ್ಲ. ಅರ್ಧ ಎದ್ದ ಕಟ್ಟಡಗಳು, ಧೂಳು, ಇಟ್ಟಿಗೆ ಲಾರಿಗಳು. ವಸಂತ ಒಳಗೆ ಹೋದ. ನಾನು ಗೇಟಿನ ಹೊರಗೆ, ಬಾಯಿ ಮುಚ್ಚಿಕೊಂಡು, ಬಿಸಿಲಿನಲ್ಲಿ ನಿಂತೆ. ವಾಚ್‌ಮನ್ ಒಂದೆರಡು ಸಲ ಅನುಮಾನದಿಂದ ನೋಡಿ, "ಕಿಸ್ಸೆ ಮಿಲ್ನಾ ಹೈ?" ಎಂದು ಯಾರನ್ನು ಕಾಣಬೇಕೆಂದು ಕೇಳಿದ. "ಕಿಸೀ ಸೆ ನಹೀ," ಯಾರನ್ನೂ ಇಲ್ಲ, ಎಂದೆ. ಅವನ 'ನೀನ್ಯಾರು' ಎನ್ನುವ ನೋಟಕ್ಕೆ ನನ್ನ ಹತ್ತಿರ ಯಾವ ಪರಿಚಯವೂ ಇರಲಿಲ್ಲ.

ವಸಂತ ಹೊರಗೆ ಬರುವಾಗ ನನ್ನ ಅಂಗಿ ಧೂಳಿನಲ್ಲಿ ಬಣ್ಣ ಬದಲಿಸಿತ್ತು.

"ಒಂದನೇ ತಾರೀಕಿನಿಂದ ಬಾ ಅಂದ್ರು. ಹಳೇ ಸಂಬಳದ ಅರ್ಧವೂ ಇಲ್ಲ. ಎರಡು ಬಸ್ಸು ಹಿಡಿಬೇಕು. ಮಗಳ ಕಾಲೇಜಿಗೆ ಸಾಕಾಗುದಿಲ್ಲ, ಅಡುಗೆ ಮನೆ ನಡೀತದೆ."

ನಾನು ತಲೆಯಾಡಿಸಿದೆ. ಅಭಿನಂದನೆ ಎಂಬ ಶಬ್ದ ಬಾಯಿಯವರೆಗೆ ಬಂದದ್ದನ್ನು ನುಂಗಿದೆ.

ವಾಚ್‌ಮನ್ ಇನ್ನೂ ನನ್ನನ್ನೇ ನೋಡುತ್ತಿದ್ದ. ಹೊಸ ಸ್ಟೋರ್ ಕೀಪರನ ಹತ್ತಿರ, "ಸಾಬ್, ಯೇ ಆದ್ಮೀ ಕೌನ್ ಹೈ?" ಎಂದು ನನ್ನ ಗುರುತು ಕೇಳಿದ.

ವಸಂತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

"ಸ್ಕೂಲ್ ಕಾ ದೋಸ್ತ್ ಹೈ" ಎಂದ.

ರಸ್ತೆಗೆ ಬಂದ ಮೇಲೆ, ಬಸ್ಸು ಬರುವ ದಿಕ್ಕು ನೋಡುತ್ತ, ಮೆಲ್ಲಗೆ ನನ್ನನ್ನು ಕೇಳಿದ:

"ಜಾಸ್ತಿ ಹೇಳಿದೆನಾ ರಘು?"

ನಾನು ಅಂಗಿಯ ಧೂಳು ಕೊಡವಿಕೊಂಡೆ. ದೋಸ್ತ್ ಎಂದು ಜಾಸ್ತಿಯೇ ಹೇಳಿದ್ದ.